ವಾರಿಜಕ್ಕನ ಮೂಗು

ಡಕ್ಕೆಯಲ್ಲಿ ಕೋಳಿ ಕೂಗುವುದಿಲ್ಲ.
ಮಂಜುಗಡ್ಡೆ ಪುಡಿ ಮಾಡುವ ಯಂತ್ರ
ನಾಲ್ಕಕ್ಕೆ ಸರಿಯಾಗಿ ಹಲ್ಲು ಕಡಿಯುತ್ತದೆ.
ಚೀಟಿಗಳ ಸುರುಳಿ ಕೊರಳಿಗೆ ಹಾಕಿಕೊಂಡು
ಬೋಟಿನಿಂದ ಬೋಟಿಗೆ ನಾನು.

ಪೆಟ್ಟಿಗೆಗೊಂದು ಚೀಟಿ, ಚೀಟಿಗೊಂದು ಕಪ್ಪು ಬಿಳಿ ಚೌಕ.
ಬಲೆ ಎತ್ತಿದ್ದು ಎಷ್ಟು ಹೊತ್ತಿಗೆ,
ಐಸು ಬಿದ್ದದ್ದು ಯಾವಾಗ,
ಒಳಗಿನ ತಂಪು ಗಂಟೆಗಂಟೆಗೆ ಎಷ್ಟು.
ಮೊಬೈಲು ಹಿಡಿದರೆ ಹಸಿರು ಬೊಟ್ಟು, ಇಲ್ಲವೇ ಕೆಂಪು.
ಹಿಡಿಯುವವರು ಯಾರು?
"ಮೀನಿಗೂ ಜಾತಕವಾ ಮಾರಾಯ"
ಎಂದು ಬೋಟಿನವರು ನಕ್ಕರು,
ನಾನೂ ಸ್ವಲ್ಪ ನಕ್ಕೆ, ಸಂಬಳ ಬರುತ್ತಿತ್ತು.

ಎಲ್ಲರೂ ಕಾಯುತ್ತಿದ್ದದ್ದು
ಬೊಕ್ಕಪಟ್ಣದ ವಾರಿಜಕ್ಕನ ಮೂಗಿಗೆ.
ಕಿವಿರು ಎತ್ತಿ, ಒಮ್ಮೆ ಮೂಸಿ
ಅವಳು ಹೂಂ ಅಂದರೆ ಏಲಂ ಏರುತ್ತದೆ,
ಉಹೂಂ ಅಂದರೆ ಅಂಜಲೂ ಅನಾಥ.
ಮೂವತ್ತೆರಡು ವರ್ಷ ದುಡಿದ ಮೂಗು,
ಎಡಕ್ಕೊಂದು ಕೆಂಪು ಹರಳಿನ ಬೊಟ್ಟು.

ಆ ಮಂಗಳವಾರ ಅವಳ ಕಾಲ ಬುಡದಲ್ಲೇ
ಡೀಸೆಲ್ ಕ್ಯಾನು ಮಗುಚಿತು.
ಸೆರಗು, ಬೈರಾಸು, ಸಿಕ್ಕಿದ್ದನ್ನು ಎಲ್ಲರೂ ಮೂಗಿಗೆ ಒತ್ತಿದರು.
ಅವಳು ಚಿಲ್ಲರೆ ಎಣಿಸುತ್ತಲೇ ಇದ್ದಳು.
ನಾನು ನೋಡಿದೆ.
ನಾನು ನೋಡಿದ್ದನ್ನು ಅವಳು ನೋಡಿದಳು.

ಮರುದಿನ ಐಸಿನ ರಾಶಿಯ ಹಿಂದೆ ಕರೆದಳು.
"ಕೊರೊನದಲ್ಲಿ ಹೋದದ್ದು, ತಿರುಗಿ ಬರಲಿಲ್ಲ.
ಮಲ್ಲಿಗೆಯೂ ಒಂದೇ, ಒಣಮೀನೂ ಒಂದೇ ಈಗ.
ಯಾರಿಗಾದರೂ ಬಾಯಿಬಿಟ್ಟೆಯೋ,
ನಿನ್ನನ್ನು ಬಂಗುಡೆಯ ಹಾಗೆ ಸೀಳುತ್ತೇನೆ.
ಆ ನಿನ್ನ ರಂಗೋಲಿ ಓದುವುದು ಹೇಗೆ, ತೋರಿಸು."

ಅದುವರೆಗೆ ಎಷ್ಟು ಸಲ ಅಂದಾಜಿಗೆ ಹೂಂ ಅಂದಳೋ,
ಕದ್ರಿಯ, ಬಿಜೈಯ ಯಾವ ಯಾವ ಅಡುಗೆಮನೆ ಸೇರಿತೋ,
ಅದನ್ನು ಕೇಳಿದರೆ ಇವತ್ತಿಗೂ
ಬುಟ್ಟಿ ಎತ್ತಿಕೊಂಡು ಎದ್ದು ಹೋಗುತ್ತಾಳೆ.

ಒದ್ದೆ ಬೆರಳಿಗೆ ಪರದೆ ಬಗ್ಗುವುದಿಲ್ಲ.
ಚೌಕದ ಮೇಲೆ ಒಂದು ಹುರುಪೆ ಬಿದ್ದರೂ ಮೊಬೈಲಿಗೆ ಕುರುಡು.
ರವಿಕೆಯ ತೋಳಿಗೆ ಒರೆಸಿ, ಬೈದು, ಮತ್ತೆ ಒರೆಸಿ
ಮೂರು ದಿನದಲ್ಲಿ ಕಲಿತಳು.
ಬುಟ್ಟಿಯ ಮರೆಯಲ್ಲಿ ಮೊಬೈಲು,
ಮುಖದ ಹತ್ತಿರ ಮೀನು.
ಮೂಸುವ ಶಾಸ್ತ್ರ ಮಾತ್ರ ಬಿಡಲಿಲ್ಲ.

ಆಮೇಲೆ ಆ ಬಂಗುಡೆ ಬಂತು.
ಹೊಳೆಯುವ ಕಣ್ಣು, ದಾಸವಾಳದಂಥ ಕಿವಿರು,
ಗೊತ್ತಿಲ್ಲದಿದ್ದರೆ ನಾನೇ ಮನೆಗೆ ಒಯ್ಯುತ್ತಿದ್ದೆ.
ಬೊಟ್ಟು ಕೆಂಪು.
ಐಸಿಲ್ಲದೆ ಐದು ಗಂಟೆ, ಮತ್ತೆ ಐಸು, ಮತ್ತೆ ಹೊಳಪು.
ಆ ವಿಷಕ್ಕೆ ವಾಸನೆಯಿಲ್ಲ,
ಕುದಿಸಿದರೂ ಸಾಯುವುದಿಲ್ಲ,
ಉಂಡವರ ಮುಖ ಉರಿದು ಕೆಂಪೇರಿದ ಮೇಲೆ
ತನ್ನ ಹೆಸರು ಹೇಳುತ್ತದೆ.
ಸರಿಯಿದ್ದ ಮೂಗಾದರೂ ಅಂದು ಹೂಂ ಅನ್ನುತ್ತಿತ್ತು.

ವಾರಿಜಕ್ಕ ಎತ್ತಿದಳು, ಮೂಸಿದಳು.
ಎಷ್ಟು ಹೊತ್ತು ಮೂಸಿದಳೆಂದರೆ
ಕಾಗೆಗಳೂ ಸುಮ್ಮನಾದವು.
"ಉಹೂಂ."
ಏಲಂನ ಸಾಲ್ಯಾನ್ ಸಿಡಿದರು,
"ನಿಮ್ಮ ಮೂಗಿಗೆ ಎಂತ ರೋಗ ಇವತ್ತು?"
ಅವಳು ಮೂಗುಬೊಟ್ಟು ಮುಟ್ಟಿಕೊಂಡಳು, ಅಷ್ಟೆ.
ಬುಟ್ಟಿಗಳು ಒಂದೊಂದೇ ಹಿಂದೆ ಸರಿದವು.
ಹನ್ನೊಂದು ಪೆಟ್ಟಿಗೆ ಗೊಬ್ಬರದ ಲಾರಿ ಹತ್ತಿತು.
ಕೆಂಪು, ಕೆಂಪು ಎಂದು ನಾನು ಕೂಗಿದ್ದರೆ
ಜಾತಕ ಓದುತ್ತಾನೆ ಎಂದು ಮತ್ತೆ ನಗುತ್ತಿದ್ದರು.

ಭಾನುವಾರ ಊಟಕ್ಕೆ ಕರೆದಳು.
ಬಿಸಲೆಯಲ್ಲಿ ಬೂತಾಯಿ ಪುಳಿಮುಂಚಿ.
ಮುಚ್ಚಳ ತೆಗೆದು, ನನ್ನ ತಲೆ ಹಿಡಿದು ಬಗ್ಗಿಸಿ,
"ಪರಿಮಳ ಬಂತಾ?"
"ಬಂತು" ಅಂದೆ.
ನೋಡುತ್ತ ನಿಂತಳು,
ಕಿವಿರು ಎತ್ತಿ ನೋಡುವ ಹಾಗೆ.
"ಸ್ವಲ್ಪ ತಳ ಹಿಡಿದಿದೆ ಅಕ್ಕ."
"ಹಾಗೆ ಹೇಳು" ಎಂದು
ಉರಿ ಇಳಿಸಿದಳು.